ಮುದ್ದೆ ತಿಂದರೂ ತೂಕ ಇಳಿಯುತ್ತಿಲ್ಲ, ಅನುಭವ ಇದ್ದವರು ಹೇಳಿ

ಕೇಳಿದ್ದು: ವಯಸ್ಸು 43, ತೂಕ 74 ಕೆಜಿ, ಇಡೀ ದಿನ ಕೂತು ಮಾಡುವ ಕೆಲಸ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) 6.0 ಬಂದಿದೆ, ಸಕ್ಕರೆ ಕಾಯಿಲೆಯ ಅಂಚು. ಸದ್ಯಕ್ಕೆ ಮಾತ್ರೆ ಬೇಡ, ತೂಕ ಇಳಿಸಿ ಅಂದರು ಡಾಕ್ಟರು. ಮೊದಲ ವಾರ ರಾತ್ರಿ ಊಟವನ್ನೇ ಬಿಟ್ಟೆ, ಎರಡು ಕೆಜಿ ಇಳಿಯಿತು. ಆಮೇಲೆ ಅನ್ನ ಬಿಟ್ಟು ಎರಡು ಹೊತ್ತೂ ಮುದ್ದೆ, ಬೆಳಿಗ್ಗೆ ಒಂದು ಗಂಟೆ ವಾಕಿಂಗ್. ಇಳಿದದ್ದೂ ವಾಪಸ್ ಬಂತು. ಈ ವಯಸ್ಸಿಗೆ ಮೈ ಹೀಗೇನಾ?

ತುಮಕೂರಿನಿಂದ: ಮುದ್ದೆ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆ ಮುದ್ದೆ ತಿಂದರೆ ಸಣ್ಣ ಆಗುತ್ತಾರೆ ಅನ್ನುವುದನ್ನು ಯಾರೂ ಪ್ರಶ್ನೆಯೇ ಮಾಡುವುದಿಲ್ಲ. ರಾಗಿ ಹಿಟ್ಟು 100 ಗ್ರಾಂಗೆ ಸುಮಾರು 320 ಕ್ಯಾಲೊರಿ. ಅಕ್ಕಿ 100 ಗ್ರಾಂಗೆ ಸುಮಾರು 355. ಅಷ್ಟೇ ವ್ಯತ್ಯಾಸ. ರಾಗಿಯ ಲಾಭ ಬೇರೆ ಕಡೆ ಇದೆ. ನಾರು 11 ಗ್ರಾಂ ಸಿಗುತ್ತದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಕ್ಯಾಲ್ಸಿಯಂ ಅಂತೂ ಹೋಲಿಸುವ ಹಾಗೇ ಇಲ್ಲ, 360 ಮಿಲಿಗ್ರಾಂ ಹತ್ತಿರ. ಹಾಗಾಗಿ ಮುದ್ದೆ ಬಿಡಬೇಡಿ, ಆದರೆ ಗಾತ್ರ ನೋಡಿಕೊಳ್ಳಿ. ನಮ್ಮ ಮನೆಗಳಲ್ಲಿ ಕಟ್ಟುವ ಮುದ್ದೆಯ ಅಳತೆ ಬಿಸಿಲಲ್ಲಿ ಹೊಲ ಮಾಡುವವರಿಗೆ ಅಂತ ಆದದ್ದು, ಕಂಪ್ಯೂಟರ್ ಮುಂದೆ ಕೂರುವವರಿಗಲ್ಲ.

ನನ್ನ ಪ್ರಕಾರ ಕಳ್ಳ ತಟ್ಟೆಯಲ್ಲಿಲ್ಲ, ಬಾಣಲೆಯಲ್ಲಿದ್ದಾನೆ. ಬಸ್ಸಾರಿನ ಪಲ್ಯಕ್ಕೆ ಒಗ್ಗರಣೆ ಹಾಕುವಾಗ ಒಮ್ಮೆ ಪಕ್ಕದಲ್ಲಿ ನಿಂತು ನೋಡಿ. ನಮ್ಮಲ್ಲಿ ಚಮಚದ ಮಾತೇ ಇಲ್ಲ, ಕ್ಯಾನಿನಿಂದ ನೇರ ಬಾಣಲೆಗೆ, ಸಾಸಿವೆ ತೇಲಾಡಬೇಕು, ಕಡಲೆಬೇಳೆ ಮುಳುಗಬೇಕು, ಆಗಲೇ ಅಮ್ಮನಿಗೆ ಸಮಾಧಾನ. ಅಷ್ಟೇ ಎಣ್ಣೆಯನ್ನು ಬಟ್ಟಲಿಗೆ ಸುರಿದು ಅಳೆದರೆ ಐದು ದೊಡ್ಡ ಚಮಚ ಆಯಿತು. ಒಂದು ದೊಡ್ಡ ಚಮಚಕ್ಕೆ 120 ಕ್ಯಾಲೊರಿ. ಪಿಷ್ಟ, ಪ್ರೋಟೀನ್ ಎರಡಕ್ಕೂ ಗ್ರಾಂಗೆ 4 ಕ್ಯಾಲೊರಿ ಇದ್ದರೆ ಕೊಬ್ಬಿಗೆ 9. ಸೂರ್ಯಕಾಂತಿ, ಶೇಂಗಾ, ಗಾಣದ್ದು, ತುಪ್ಪ, ಯಾವುದಾದರೂ ಲೆಕ್ಕ ಒಂದೇ. "ಗಾಣದ ಎಣ್ಣೆ, ಏನೂ ಆಗಲ್ಲ" ಅಂತ ಜಾಸ್ತಿ ಹಾಕುವವರನ್ನು ಬೇಕಾದಷ್ಟು ನೋಡಿದ್ದೇನೆ.

ದಿನಾ ಅಳೆಯುವುದು ಯಾರಿಗೂ ಆಗುವ ಕೆಲಸ ಅಲ್ಲ. ಅದಕ್ಕೆ ತಿಂಗಳ ಸಾಮಾನಿನ ಚೀಟಿ ನೋಡಿ. ನಾಲ್ಕು ಜನರ ಮನೆಗೆ 5 ಲೀಟರ್ ಬಂದರೆ ತಲೆಗೆ ದಿನಕ್ಕೆ 38 ಗ್ರಾಂ, ಅಂದರೆ 340 ಕ್ಯಾಲೊರಿ. ಕರಿದ ಮೇಲೆ ಚೆಲ್ಲುವುದನ್ನು ಸ್ವಲ್ಪ ಕಳೆಯಿರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2000 ಕ್ಯಾಲೊರಿಯ ಊಟದಲ್ಲಿ ಎಣ್ಣೆ, ತುಪ್ಪ ಎಲ್ಲಾ ಸೇರಿ ಇಟ್ಟಿರುವುದು 27 ಗ್ರಾಂ. 5 ಲೀಟರನ್ನು 3ಕ್ಕೆ ತಂದರೆ ಒಬ್ಬೊಬ್ಬರಿಗೂ ದಿನಕ್ಕೆ 135 ಕ್ಯಾಲೊರಿ ಕಡಿಮೆ, ಅದೂ ಯಾರ ತಟ್ಟೆಯಿಂದಲೂ ಒಂದು ತುತ್ತು ಕಿತ್ತುಕೊಳ್ಳದೆ.

ಬೆಂಗಳೂರಿನಿಂದ: ವಯಸ್ಸಿನ ಮೇಲೆ ತಪ್ಪು ಹಾಕಬೇಡಿ. 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 29 ದೇಶಗಳ 6400ಕ್ಕೂ ಹೆಚ್ಚು ಜನ, ಎಂಟು ದಿನದ ಕೂಸಿನಿಂದ 95ರ ಅಜ್ಜನವರೆಗೆ. ದೇಹದ ಗಾತ್ರ ಲೆಕ್ಕಕ್ಕೆ ಹಿಡಿದು ನೋಡಿದರೆ 20ರಿಂದ 60ರವರೆಗೆ ಮೈ ಶಕ್ತಿ ಖರ್ಚು ಮಾಡುವ ವೇಗ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಈ ಮಧ್ಯೆ ಬದಲಾಗುವುದು ನಮ್ಮ ಓಡಾಟ, ನಮ್ಮ ಸ್ನಾಯು, ನಮ್ಮ ತಿಂಡಿ.

ಆ ಮೊದಲ ಎರಡು ಕೆಜಿ ಬಹುತೇಕ ನೀರು. ಲಿವರ್, ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಕೂಡಿಟ್ಟ ಸಕ್ಕರೆ ಇರುತ್ತದೆ, ಒಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ಬಿಟ್ಟರೆ ಎರಡೂ ಹೋಗುತ್ತವೆ, ಊಟ ಮಾಡಿದರೆ ಎರಡೂ ಬರುತ್ತವೆ. ನೀವು ದಪ್ಪ ಆಗಲೂ ಇಲ್ಲ, ಸಣ್ಣ ಆಗಲೂ ಇಲ್ಲ. ನಿಜವಾದ ಕೊಬ್ಬು ಒಂದು ಕೆಜಿ ಕರಗಬೇಕೆಂದರೆ ಸುಮಾರು 7700 ಕ್ಯಾಲೊರಿ ಕೊರತೆ ಬೀಳಬೇಕು. ದಿನಕ್ಕೆ 300ರಂತೆ ಹೋದರೂ ತಿಂಗಳಿಗೆ ಒಂದು ಕೆಜಿ ಚಿಲ್ಲರೆ, ಮೈ ಹಗುರ ಆದ ಹಾಗೆ ಅದೂ ನಿಧಾನ ಆಗುತ್ತದೆ. ಮೂರು ದಿನಕ್ಕೊಮ್ಮೆ ತಕ್ಕಡಿ ಹತ್ತಿ ಬೇಜಾರು ಮಾಡಿಕೊಳ್ಳುವುದು ಸುಮ್ನೆ.

ವಾಕಿಂಗ್ ಬಗ್ಗೆ: ನಿಮ್ಮ ತೂಕಕ್ಕೆ ಒಂದು ಗಂಟೆ ಚುರುಕಾಗಿ ನಡೆದರೆ 250ರಿಂದ 280 ಕ್ಯಾಲೊರಿ. ನಮ್ಮ ಏರಿಯಾದ ಪಾರ್ಕ್ ಗೇಟಿನ ಎದುರೇ ದರ್ಶಿನಿ. ನಡೆದು ಬಂದವರೆಲ್ಲ ಶೂ ಹಾಕಿಕೊಂಡೇ ಅಲ್ಲಿ ನಿಂತಿರುತ್ತಾರೆ, ಎರಡು ಉದ್ದಿನ ವಡೆ, ಒಂದು ಕಾಫಿ. ಅಲ್ಲಿಗೆ ಚುಕ್ತಾ. ಆದರೂ ವಾಕಿಂಗ್ ನಿಲ್ಲಿಸಬೇಡಿ. ತೂಕ ಒಂದು ಗ್ರಾಂ ಇಳಿಯದಿದ್ದರೂ ಸಕ್ಕರೆಗೆ ಒಳ್ಳೆಯದು, ಅದರಲ್ಲೂ ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ.

ಮಂಗಳೂರಿನಿಂದ: ಅನ್ನ ಬಿಟ್ಟವರೆಲ್ಲ ಸಣ್ಣ ಆಗುವುದಿದ್ದರೆ ಎಷ್ಟು ಸುಲಭ ಇತ್ತು ಮಾರಾಯ್ರೆ. ನಾನು ಕುಚ್ಚಲಕ್ಕಿ ಬಿಟ್ಟಿಲ್ಲ. ಬಿಟ್ಟದ್ದು ಸಂಜೆಯ ಮಿಕ್ಸ್ಚರ್, ಬನ್ಸ್, ಕಡಿಮೆ ಮಾಡಿದ್ದು ತೆಂಗಿನಕಾಯಿ. ಬದಲಿಗೆ ಹುರುಳಿ, ಮೊಟ್ಟೆ, ಮೀನು (ಪುಳಿಮುಂಚಿ, ಫ್ರೈ ಅಲ್ಲ). ಪ್ರೋಟೀನ್ ಜಾಸ್ತಿ ಆದರೆ ಸಂಜೆ ಐದಕ್ಕೆ ಡಬ್ಬಿ ತಡಕುವ ಚಟ ತಾನಾಗಿ ಕಡಿಮೆ ಆಗುತ್ತದೆ. ತಿಳಿಸಾರನ್ನು ಪ್ರೋಟೀನ್ ಅಂತ ಲೆಕ್ಕ ಹಾಕಬೇಡಿ, ಅದರಲ್ಲಿ ಬೇಳೆ ಕಡಿಮೆ, ನೀರೇ ಜಾಸ್ತಿ. ಮತ್ತೆ ಬೆಲ್ಲದ ಕಾಫಿ ಕುಡಿಯುತ್ತೇನೆ ಅನ್ನಬೇಡಿ, ಬೆಲ್ಲವೂ ಸಕ್ಕರೆಯೇ.

ಮೈಸೂರಿನಿಂದ: ತೂಕಕ್ಕಿಂತ ಟೇಪು ಹಿಡಿದು ಸೊಂಟ ನೋಡಿ. ನಮ್ಮವರಿಗೆ ಹೆಂಗಸರಲ್ಲಿ 80 ಸೆಂ.ಮೀ., ಗಂಡಸರಲ್ಲಿ 90 ದಾಟಿದರೆ ಎಚ್ಚರಿಕೆ. ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ) ಕೂಡ ನಮಗೆ 23ಕ್ಕೇ ಗಡಿ. ನಮ್ಮ ಮನೆಯಲ್ಲಿ ಶುಗರ್ ಬಂದದ್ದು ಎಲ್ಲರಿಗಿಂತ ಸಣಕಲಾಗಿದ್ದ ನನ್ನ ತಮ್ಮನಿಗೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ನಮ್ಮೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದರು. ಅದನ್ನು ಹಿಡಿದು ದೊಡ್ಡವರಾದ ಮೇಲೆ ಅವರನ್ನು ಹುಡುಕಿ ಪರೀಕ್ಷೆ ಮಾಡಿದಾಗ, ಹುಟ್ಟುವಾಗ ಸಣ್ಣ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. 1996ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದಿದೆ. ಹಾಗಾಗಿ ಎಲ್ಲವನ್ನೂ ಬಾಯಿ ಚಪಲದ ತಲೆಗೆ ಕಟ್ಟುವುದು ನನಗೆ ಒಪ್ಪಿಗೆ ಇಲ್ಲ. ಥೈರಾಯ್ಡ್ ಒಮ್ಮೆ ನೋಡಿಸಿ. ಮುಂದೆ ಶುಗರ್ ಮಾತ್ರೆ ಶುರುವಾದರೆ ಡಾಕ್ಟರನ್ನು ಕೇಳದೆ ಉಪವಾಸ ಬೇಡ.

ಕೇಳಿದವರು: ಚೀಟಿ ತೆಗೆದು ನೋಡಿದೆ. 5 ಅಲ್ಲ, 6 ಲೀಟರ್. ಮನೆಯಲ್ಲಿ ಇರುವುದೇ ಮೂರು ಜನ. ಕರಿಯುವುದು ಹಬ್ಬಕ್ಕೆ ಮಾತ್ರ. ತವರಿನಿಂದ ಬರುವ ತುಪ್ಪ ಇದರಲ್ಲಿ ಸೇರಿಲ್ಲ, ಅದನ್ನೂ ಹಿಡಿಯಬೇಕಾ?

ತುಮಕೂರಿನಿಂದ: ಹಿಡಿಯಬೇಕು. ಎಣ್ಣೆ ಒಂದೇ ತಲೆಗೆ 60 ಗ್ರಾಂ ಆಯಿತಲ್ವಾ, ಹತ್ತಿರ ಹತ್ತಿರ 540 ಕ್ಯಾಲೊರಿ. 55 ಕೆಜಿಯ, ಕೂತು ಕೆಲಸ ಮಾಡುವ ಹೆಂಗಸಿಗೆ ಇಡೀ ದಿನಕ್ಕೆ ಅದೇ ಪೋಷಣಾ ಸಂಸ್ಥೆಯ 2020ರ ಪಟ್ಟಿಯಲ್ಲಿ ಇರುವುದೇ 1660. ಮುಂದಿನ ತಿಂಗಳು 4 ಲೀಟರ್ ಮಾತ್ರ ತನ್ನಿ, ನಡುವೆ ಮುಗಿದರೆ ಮತ್ತೆ ತರಬೇಡಿ, ಮಿಕ್ಕ ದಿನ ತುಪ್ಪದಲ್ಲೇ ಒಗ್ಗರಣೆ ಹಾಕಿ. ತವರಿನ ತುಪ್ಪ ಅಂದಮೇಲೆ ಕೈ ತಾನಾಗಿ ಬಿಗಿ ಆಗುತ್ತದೆ.