ಟ್ರಾಫಿಕ್, ಪೊಲೀಸಿಂಗ್, ಶೇಪಿಂಗ್: ಎಂಪಿಎಲ್‌ಎಸ್ ಟಿಪ್ಪಣಿಗೆ ಸರಿಯಾದ ಕನ್ನಡ ಪದಗಳಾವುವು?

ಶಿರಸಿ, ಕುಮಟಾ, ಕಾರವಾರಗಳ ಶಾಖೆಗಳನ್ನು ಎಂಪಿಎಲ್‌ಎಸ್ (ದತ್ತಾಂಶದ ತುಣುಕುಗಳಾದ ಪ್ಯಾಕೆಟ್‌ಗಳಿಗೆ ಲೇಬಲ್ ಹಚ್ಚಿ, ಅದನ್ನು ನೋಡಿ ಸಾಗಿಸುವ ವಿಧಾನ) ಜಾಲದ ಮೂಲಕ ಜೋಡಿಸಿಕೊಂಡಿರುವ ಸಹಕಾರಿ ಸಂಘವೊಂದರ ತಾಂತ್ರಿಕ ಸಿಬ್ಬಂದಿಗಾಗಿ ಕನ್ನಡದಲ್ಲಿ ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. ಕ್ವಾಲಿಟಿ ಆಫ್ ಸರ್ವಿಸ್‌ಗೆ, ಅಂದರೆ ಯಾವ ಪ್ಯಾಕೆಟ್ಟಿಗೆ ಎಷ್ಟು ಆದ್ಯತೆ ಎಂಬ ಏರ್ಪಾಡಿಗೆ, ‘ಸೇವಾ ಗುಣಮಟ್ಟ’ ಎಂದು ಬರೆಯಲು ಅಡ್ಡಿಯಿಲ್ಲ. ಲೇಬಲ್, ಪ್ಯಾಕೆಟ್, ರೂಟರ್‌ಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ತೊಡಕಿರುವುದು ಟ್ರಾಫಿಕ್ ಎಂಬುದರಲ್ಲಿ.

ಪತ್ರಿಕೆಗಳ ಬಳಕೆಯಲ್ಲಿ ‘ದಟ್ಟಣೆ’ ಎಂದರೆ ಟ್ರಾಫಿಕ್ಕೂ ಹೌದು, ಕಂಜೆಶನ್ನೂ ಹೌದು. ರಸ್ತೆಯ ಸುದ್ದಿಗೆ ಇದರಿಂದ ನಷ್ಟವೇನಿಲ್ಲ. ಆದರೆ ರೂಟರಿನಲ್ಲಿ ನಾವು ಬರೆಯುವ ಸರದಿಯ ನಿಯಮಗಳು ಕೆಲಸಕ್ಕೆ ಬರುವುದೇ ಲಿಂಕಿನ ಸಾಮರ್ಥ್ಯವನ್ನು ಮೀರಿ ಪ್ಯಾಕೆಟ್‌ಗಳು ಬಂದು ಸಾಲುಗಟ್ಟಿದಾಗ. ಆದ್ದರಿಂದ ಟ್ರಾಫಿಕ್‌ಗೆ ‘ಸಂಚಾರ’ವನ್ನೂ, ಕಂಜೆಶನ್‌ಗೆ ಮಾತ್ರ ‘ದಟ್ಟಣೆ’ಯನ್ನೂ ಇಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಲೇಬಲ್ ನಮೂದಿನ 32 ಬಿಟ್‌ಗಳಲ್ಲಿ 3 ಬಿಟ್‌ಗಳ ಒಂದು ಅಂಕಣವಿದೆ. ಶಿರಸಿಯ ಫೋನಿನಿಂದ ಹೊರಟ ಧ್ವನಿಯ ಪ್ಯಾಕೆಟ್ಟಿಗೆ 46 ಎಂಬ ಡಿಎಸ್‌ಸಿಪಿ ಗುರುತು (ಪ್ಯಾಕೆಟ್ಟಿನ ಸೇವಾ ದರ್ಜೆಯನ್ನು ಸೂಚಿಸುವ 6 ಬಿಟ್‌ಗಳ ಸಂಖ್ಯೆ) ಇದ್ದರೆ, ಅದರ ದ್ವಿಮಾನ ರೂಪ 101110. ಜಾಲದ ಅಂಚಿನ ರೂಟರು ಲೇಬಲ್ ಹಚ್ಚುವಾಗ ಸಾಮಾನ್ಯವಾಗಿ ಇದರ ಮೊದಲ ಮೂರು ಬಿಟ್‌ಗಳನ್ನು, ಅಂದರೆ 5ನ್ನು, ಆ ಅಂಕಣಕ್ಕೆ ಇಳಿಸುತ್ತದೆ, ಮತ್ತು ಒಳಗಿನ ರೂಟರುಗಳು ಆ ಅಂಕೆಯನ್ನಷ್ಟೇ ನೋಡಿ ಆದ್ಯತೆ ಕೊಡಬಲ್ಲವು. ಮೊದಲು ಇದರ ಹೆಸರು ‘ಎಕ್ಸ್‌ಪೆರಿಮೆಂಟಲ್’ ಎಂದಿತ್ತು. 2009ರಲ್ಲಿ ಆರ್‌ಎಫ್‌ಸಿ 5462 ಎಂಬ ಇಂಟರ್‌ನೆಟ್ ಮಾನಕ ದಾಖಲೆ ಅದನ್ನು ‘ಟ್ರಾಫಿಕ್ ಕ್ಲಾಸ್’ ಎಂದು ಬದಲಿಸಿತು. ಹಾಗಾಗಿ ‘ಪ್ರಾಯೋಗಿಕ ಬಿಟ್’ ಬೇಡ, ‘ಸಂಚಾರ ವರ್ಗ’ ಇರಲಿ.

ನಿಜವಾಗಿ ಸಲಹೆ ಬೇಕಿರುವುದು ಪೊಲೀಸಿಂಗ್ ಮತ್ತು ಶೇಪಿಂಗ್‌ಗೆ. ಎರಡೂ ನಿಗದಿತ ವೇಗದ ಮಿತಿಯನ್ನು ಕಾಯುತ್ತವೆ. ಪೊಲೀಸಿಂಗ್ ಮಿತಿ ಮೀರಿದ ಪ್ಯಾಕೆಟ್ಟನ್ನು ಆ ಕ್ಷಣವೇ ಬಿಸಾಡುತ್ತದೆ, ಇಲ್ಲವೇ ಕೆಳದರ್ಜೆಯ ಗುರುತು ಹಾಕಿ ಮುಂದೆ ಬಿಡುತ್ತದೆ. ಆದ್ದರಿಂದ ‘ಕಡಿತ’ ಎಂದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ಶೇಪಿಂಗ್ ಹೆಚ್ಚಾದದ್ದನ್ನು ಬಫರಿನಲ್ಲಿ ತಡೆದಿಟ್ಟುಕೊಂಡು, ಕೆರೆಯ ತೂಬಿನಿಂದ ನೀರು ಬಿಟ್ಟಂತೆ, ಹದವಾಗಿ ಹೊರಬಿಡುತ್ತದೆ. ಬಫರ್ ತುಂಬಿದರೆ ಅಲ್ಲಿಯೂ ಪ್ಯಾಕೆಟ್ ನಷ್ಟವಾಗುತ್ತದೆ, ಜೊತೆಗೆ ವಿಳಂಬವೂ ಸೇರುತ್ತದೆ. ಧ್ವನಿಯ ಕರೆಗಳಿಗೆ ಈ ವಿಳಂಬವೇ ಹೆಚ್ಚು ತೊಂದರೆ ಕೊಡುವುದರಿಂದ ಎರಡು ಪದಗಳ ಅಂತರ ಓದುಗರಿಗೆ ಸ್ಪಷ್ಟವಾಗಿ ಕಾಣಲೇಬೇಕು. ಶೇಪಿಂಗ್‌ಗೆ ‘ಹರಿವಿನ ನಿಯಂತ್ರಣ’ ಎಂದು ಬರೆಯುವಂತಿಲ್ಲ, ಏಕೆಂದರೆ ಫ್ಲೋ ಕಂಟ್ರೋಲ್, ಅಂದರೆ ಪಡೆಯುವ ಕಡೆಯವರು ಕಳಿಸುವ ಕಡೆಯ ವೇಗವನ್ನು ತಗ್ಗಿಸುವುದು, ಬೇರೆಯೇ ವಿಷಯ.

ಸದ್ಯಕ್ಕೆ ಪೊಲೀಸಿಂಗ್‌ಗೆ ‘ಮಿತಿ ಜಾರಿ’, ಶೇಪಿಂಗ್‌ಗೆ ‘ಸಂಚಾರ ಹದಗೊಳಿಕೆ’ ಎಂದು ಬರೆದುಕೊಂಡಿದ್ದೇನೆ. ‘ಹದಗೊಳಿಕೆ’ಯಲ್ಲಿ ತಡೆದಿಟ್ಟು ಬಿಡುವ ಅರ್ಥ ಸಾಕಷ್ಟು ಬರುತ್ತದೆಯೇ, ಅಥವಾ ‘ತಡೆದು ಬಿಡುವಿಕೆ’ ಎಂದೇ ಬಿಡಿಸಿ ಹೇಳುವುದು ಲೇಸೇ ಎಂಬುದನ್ನು ಜಾಲದ ಕೆಲಸದಲ್ಲಿ ಕನ್ನಡ ಬಳಸುತ್ತಿರುವವರು ದಯವಿಟ್ಟು ತಿಳಿಸಬೇಕು.