ಸಫಾರಿ ಆಮೇಲೆ, ಮೊದಲು ತೋಟಕ್ಕೆ ಬನ್ನಿ

ಮಗಳೇ, ನಿನ್ನ ಮೆಸೇಜ್ ಈಗ ಕೇಳಿದೆ. ಏಪ್ರಿಲ್ ರಜೆಗೆ ಮಕ್ಕಳಿಗೆ ಬಣ್ಣದ ಹಕ್ಕಿ ತೋರಿಸಬೇಕು, ನಾಗರಹೊಳೆ ಸಫಾರಿ ಬುಕ್ ಮಾಡಲಾ ಚಿಕ್ಕಪ್ಪ ಅಂತ ಕೇಳಿದ್ದೀಯ. ಆನೆ, ಕಾಟಿ ನೋಡಲು ಸಫಾರಿ ಸರಿ. ಹಕ್ಕಿಗೆ ಮಾತ್ರ ಒಂದು ಕಡೆ ಕೂತು ಕಾಯಬೇಕು. ಅದಕ್ಕೆ ನಾಪೋಕ್ಲು ಮನೆಗೇ ಬನ್ನಿ.

ಈಗ ಹಾಲುವಾಣ ಎಲೆ ಉದುರಿಸಿ ಕೆಂಪಗೆ ಹೂ ಬಿಟ್ಟಿದೆ. ಬೆಳಗಾದರೆ ಮೈನಾ, ಪಿಕಳಾರ, ಸೂರಕ್ಕಿ ಎಲ್ಲ ಅಲ್ಲೇ. ನೀವು ಬರುವಷ್ಟರಲ್ಲಿ ಆ ಹೂ ಮುಗಿದಿರುತ್ತದೆ, ಪರವಾಗಿಲ್ಲ. ಚಿತ್ರಪಕ್ಷಿಗಳು ಹೇಗೂ ಇರುತ್ತವೆ. ಗಂಡು ಕಪ್ಪು ಕೆಂಪು, ಹೆಣ್ಣು ಬೂದು ಹಳದಿ. ದೇವರಕಾಡಿನ ಅಂಚಿನಲ್ಲಿ ಮಲಬಾರ್ ಟ್ರೋಗನ್ ಇದೆ. ಗಂಡಿನ ತಲೆ ಕಪ್ಪು, ಹೊಟ್ಟೆ ಕಡುಕೆಂಪು, ನಡುವೆ ಬಿಳಿ ಪಟ್ಟಿ. ಬೆನ್ನು ತಿರುಗಿಸಿ ಅಲುಗಾಡದೆ ಕೂತರೆ ಎದುರಿಗಿದ್ದರೂ ಕಾಣುವುದಿಲ್ಲ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳು ದಾಖಲೆಯಲ್ಲಿವೆ. ಹಿರಿಯರು ಅಲ್ಲಿ ಕೊಡಲಿ ಹಾಕಬಾರದು ಅಂದಿದ್ದಕ್ಕೇ ಇಂಥ ಹಕ್ಕಿಗೆ ಜಾಗ ಉಳಿದಿದೆ.

ಮಕ್ಕಳಿಗೆ ಮಾಸಲು ಬಣ್ಣದ ಬಟ್ಟೆ ತನ್ನಿ. ಮೊಬೈಲಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದು ಬೇಡ, ಗೂಡು ಮಾಡುವ ಕಾಲ ಅದು.

ನನಗೆ ಎಲ್ಲಕ್ಕಿಂತ ಜಾಸ್ತಿ ತೋರಿಸಬೇಕಾಗಿರುವುದು ಮಂಗಟ್ಟೆಯನ್ನು. ದೊಡ್ಡ ಹಾರ್ನ್‌ಬಿಲ್ ಅಲ್ಲ, ಬೂದು ಬಣ್ಣದ್ದು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಯಾರೋ ಕೇಕೆ ಹಾಕಿ ನಕ್ಕ ಹಾಗೆ ಕೂಗುತ್ತದೆ. ಹೆಣ್ಣು ಮರದ ಪೊಟರೆಯೊಳಗೆ ಹೋಗಿ, ಪೊಟರೆಯ ಬಾಯಿಯನ್ನು ಒಳಗಿನಿಂದ ಮುಚ್ಚಿಕೊಂಡು, ಒಂದು ಸಣ್ಣ ಸೀಳು ಮಾತ್ರ ಬಿಟ್ಟುಕೊಳ್ಳುತ್ತದೆ. ಮೊಟ್ಟೆ, ಮರಿ ಎಲ್ಲ ಒಳಗೇ. ಗಂಡು ದಿನವಿಡೀ ಹಣ್ಣು ತಂದು ಆ ಸೀಳಿನಿಂದ ಕೊಡುತ್ತದೆ. ಗಂಡು ಸತ್ತರೆ ಒಳಗಿರುವವರ ಗತಿ ಯೋಚಿಸು. ನಮ್ಮ ಕೆಳಗಿನ ತೋಟದ ಹೆಬ್ಬಲಸಿನ ಪೊಟರೆಯಲ್ಲಿ ಈಗ ಹೆಣ್ಣು ಕೂತಿದೆ. ಗಂಡು ಹಣ್ಣು ಆರಿಸುವುದು ಪಕ್ಕದ ಅತ್ತಿ ಮರದಲ್ಲಿ.

ಅಣ್ಣ, ನೀವೂ ಈ ಗ್ರೂಪಿನಲ್ಲಿ ಇದ್ದೀರಲ್ಲ, ನಿಮಗೂ ಹೇಳುತ್ತೇನೆ. ಮೊನ್ನೆ ಆ ಎರಡೂ ಮರ ತೆಗೆಸಿ ಸಿಲ್ವರ್ ಓಕ್ ಹಾಕೋಣ ಅಂದಿರಿ. ನೇರ ಬೆಳೆಯುತ್ತದೆ, ಮೆಣಸಿನ ಬಳ್ಳಿ ಚೆನ್ನಾಗಿ ಹತ್ತುತ್ತದೆ, ಬೇಕಾದಾಗ ಕಡಿದು ಮಾರಬಹುದು. ಒಪ್ಪುತ್ತೇನೆ. ಆದರೆ ಅದು ಆಸ್ಟ್ರೇಲಿಯಾದ ಮರ. ಮಂಗಟ್ಟೆ ತಿನ್ನುವ ಹಣ್ಣು ಅದರಲ್ಲಿ ಬಿಡುವುದಿಲ್ಲ. ಪೊಟರೆ ಆಗುವಷ್ಟು ವಯಸ್ಸಾಗಲು ನಾವು ಅದನ್ನು ಬಿಡುವುದೂ ಇಲ್ಲ. ಮಂಗಟ್ಟೆ ತಾನೇ ಪೊಟರೆ ಕೊರೆಯಲಾರದು, ಹಳೇ ಮರವೇ ಬೇಕು. ಮೇಲಿನ ತೋಟದಲ್ಲಿ ಖಾಲಿ ಜಾಗ ಇದೆ, ಸಿಲ್ವರ್ ಓಕ್ ಅಲ್ಲಿ ಹಾಕೋಣ, ಸಸಿ ಖರ್ಚು ನನ್ನದು. ಏಪ್ರಿಲ್‌ನಲ್ಲಿ ಮಕ್ಕಳ ಜೊತೆ ನೀವೂ ಬನ್ನಿ, ಮರದ ಕೆಳಗೇ ಕೂತು ಮಾತಾಡೋಣ. ಅಲ್ಲಿವರೆಗೆ ಮರ ಕುಯ್ಯುವವರಿಗೆ ಅಡ್ವಾನ್ಸ್ ಕೊಡಬೇಡಿ ಅಣ್ಣ.