ಸುಟ್ಟ ಗಾಯಕ್ಕೆ ಹೈಪರ್‌ಬ್ಯಾರಿಕ್ ಆಕ್ಸಿಜನ್: ರೋಗಿಯನ್ನು ಸ್ಥಳಾಂತರಿಸಬೇಕೇ?

ಪ್ರಶ್ನೆ:
ನಮ್ಮ ಭಾವನವರು ಬೆಂಕಿ ಅವಘಡದಲ್ಲಿ ಎದೆ ಮತ್ತು ಎರಡೂ ಕೈಗಳು ಸುಟ್ಟು ಐದು ದಿನಗಳಿಂದ ಐಸಿಯುನಲ್ಲಿದ್ದಾರೆ. ಚರ್ಮ ಕಸಿ ಅನಿವಾರ್ಯವೆಂದು ವೈದ್ಯರು ಹೇಳಿದ್ದಾರೆ. ಹೈಪರ್‌ಬ್ಯಾರಿಕ್ ಆಕ್ಸಿಜನ್ (ಹೆಚ್ಚಿನ ಒತ್ತಡದ ಚೇಂಬರಿನಲ್ಲಿ ಶುದ್ಧ ಆಕ್ಸಿಜನ್ ಉಸಿರಾಡಿಸುವ ಚಿಕಿತ್ಸೆ) ಕೊಡಿಸಿದರೆ ಕಸಿಯೇ ಬೇಕಾಗುವುದಿಲ್ಲ ಎಂದು ಪರಿಚಿತರೊಬ್ಬರು ಒತ್ತಾಯಿಸುತ್ತಿದ್ದಾರೆ. ಆ ಸೌಲಭ್ಯ ಈ ಆಸ್ಪತ್ರೆಯಲ್ಲಿಲ್ಲ. ಬೇರೆಡೆಗೆ ಸಾಗಿಸುವುದು ಸರಿಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಶಸ್ತ್ರಚಿಕಿತ್ಸಕ):
ಕಸಿಯೇ ಬೇಡವೆಂಬ ಮಾತನ್ನು ನಂಬಬೇಡಿ. ಚರ್ಮ ಪೂರ್ತಿ ಆಳಕ್ಕೆ ಸುಟ್ಟ ಕಡೆ ಸತ್ತ ಅಂಗಾಂಶವನ್ನು ಯಾವ ಆಕ್ಸಿಜನ್ನೂ ಬದುಕಿಸದು. ಅದರ ಅಂಚಿನಲ್ಲಿ ರಕ್ತಸಂಚಾರ ಕುಂಠಿತವಾಗಿ, ಉಳಿಯಲೂಬಹುದು ಸಾಯಲೂಬಹುದು ಎನ್ನುವ ಒಂದು ವಲಯವಿರುತ್ತದೆ. ಈ ಚಿಕಿತ್ಸೆಯ ತರ್ಕವೆಲ್ಲ ಅದನ್ನು ಆಧರಿಸಿದೆ. ವಾತಾವರಣದ ಎರಡರಿಂದ ಎರಡೂವರೆ ಪಟ್ಟು ಒತ್ತಡದಲ್ಲಿ ಶುದ್ಧ ಆಕ್ಸಿಜನ್ ಉಸಿರಾಡಿದಾಗ, ಹಿಮೋಗ್ಲೋಬಿನ್ ಹೊರುವುದಲ್ಲದೆ ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿಯೂ ಸಾಕಷ್ಟು ಕರಗಿ, ಕೆಂಪು ರಕ್ತಕಣಗಳು ಸರಿಯಾಗಿ ತಲುಪಲಾರದ ಜಾಗಕ್ಕೂ ಆಕ್ಸಿಜನ್ ಮುಟ್ಟುತ್ತದೆ. ಆದರೆ ಆ ವಲಯದ ಹಣೆಬರಹ ಬಹುಮಟ್ಟಿಗೆ ಮೊದಲ ಎರಡು ಮೂರು ದಿನಗಳಲ್ಲೇ ನಿರ್ಧಾರವಾಗಿಬಿಡುತ್ತದೆ. ಪುರಾವೆಯೂ ತೆಳುವು: ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2004ರ ಪರಿಶೀಲನೆಗೆ ಸಿಕ್ಕಿದ್ದು ಎರಡೇ ಪ್ರಯೋಗಗಳು, ಅವುಗಳಿಂದ ಖಚಿತ ತೀರ್ಮಾನ ಸಾಧ್ಯವಾಗಲಿಲ್ಲ. ಐದನೆಯ ದಿನ, ಇದೊಂದಕ್ಕಾಗಿ ಐಸಿಯು ರೋಗಿಯನ್ನು ಸಾಗಿಸುವುದನ್ನು ನಾನಂತೂ ಒಪ್ಪುವುದಿಲ್ಲ.

ಉತ್ತರ 2:
ಒಂದು ವ್ಯತ್ಯಾಸವನ್ನು ಗಮನಿಸಬೇಕು. ಮುಚ್ಚಿದ ಜಾಗದಲ್ಲಿ ಹೊಗೆ ಕುಡಿದವರಿಗೆ ಕಾರ್ಬನ್ ಮೊನಾಕ್ಸೈಡ್ ವಿಷವೇರಿರುವ ಸಂಭವವಿದ್ದು, ಅಲ್ಲಿ ಲೆಕ್ಕವೇ ಬೇರೆ. ಸಾಮಾನ್ಯ ಗಾಳಿಯಲ್ಲಿ ಆ ಅನಿಲ ರಕ್ತದಲ್ಲಿ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕ್ ಮೂಲಕ ಶುದ್ಧ ಆಕ್ಸಿಜನ್ ಕೊಟ್ಟರೆ ಸುಮಾರು 80 ನಿಮಿಷ, ಮೂರು ಪಟ್ಟು ಒತ್ತಡದಲ್ಲಿ 20 ನಿಮಿಷ ಚಿಲ್ಲರೆ. ಆದರೂ ಅದು ಮೊದಲ ಕೆಲವು ಗಂಟೆಗಳ ಮಾತು.

ಉತ್ತರ 3 (ಚೇಂಬರ್ ವಿಭಾಗದ ನರ್ಸ್):
ಮುಂದೆ ಕಸಿ ಮಾಡಿದ ಚರ್ಮ ಸರಿಯಾಗಿ ಹಿಡಿಯದೆ ಕಪ್ಪಾಗತೊಡಗಿದರೆ ಈ ಚಿಕಿತ್ಸೆಯನ್ನು ಮತ್ತೆ ಪರಿಗಣಿಸಬಹುದು. ಆಗಲೂ ಎದೆಯ ಎಕ್ಸ್‌ರೇ ನೋಡದೆ ಒಳಗೆ ಬಿಡುವುದಿಲ್ಲ, ಏಕೆಂದರೆ ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಂಡಿದ್ದರೆ ಪ್ರಾಣಾಪಾಯವಿದೆ. ಆಕ್ಸಿಜನ್ ತುಂಬಿದ ಚೇಂಬರಿನಲ್ಲಿ ಕಿಡಿಯ ಭಯ ದೊಡ್ಡದು. ವ್ಯಾಸಲೀನ್ ಹಚ್ಚಿದ ಡ್ರೆಸಿಂಗ್ ತೆಗೆದು, ಹತ್ತಿಯ ಬಟ್ಟೆಯನ್ನಷ್ಟೇ ಉಡಿಸುತ್ತೇವೆ. ಒತ್ತಡ ಏರುವಾಗ ಕಿವಿ ಗಡಚಿಕ್ಕಿ ನೋಯುವುದರಿಂದ, ಎಚ್ಚರವಿರುವವರಿಗೆ ಎಂಜಲು ನುಂಗಲು ಹೇಳುತ್ತೇವೆ.

ಪ್ರಶ್ನಿಸಿದವರು:
ಅವಘಡವಾದದ್ದು ತೆರೆದ ಅಂಗಳದಲ್ಲಿ, ಹೊಗೆ ಕುಡಿದಿಲ್ಲ. ಕಸಿಗೆ ಒಪ್ಪಿಗೆ ಸಹಿ ಹಾಕುತ್ತಿದ್ದೇವೆ. ಎಲ್ಲರಿಗೂ ಧನ್ಯವಾದಗಳು.